ಬ್ಯಾಕ್ಟೀರಿಯಾಗಳ ಆರ್.ಎನ್.ಎ. ಮಡಿಕೆಗಳು ಮತ್ತು ಕಲ್ಚರ್ ವರದಿ : ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕುರು, ಹುಣ್ಣು, ಶಸ್ತ್ರಚಿಕಿತ್ಸೆಯ ಗಾಯ ಮುಂತಾದವುಗಳಿಂದ ಬಳಲುವ ನಾಗರಿಕರು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಕೀವಿನ ಮಾದರಿ ನೀಡಿ, ಎರಡು ಮೂರು ದಿನಗಳ ನಂತರ ಕಲ್ಚರ್ ವರದಿಯನ್ನು ಪಡೆಯುತ್ತಾರೆ. ಈ ವರದಿಯಲ್ಲಿ ಔಷಧಗಳ ಹೆಸರಿನ ಮುಂದೆ 'ಎಸ್' ಅಥವಾ 'ಆರ್' ಎಂಬ ಅಕ್ಷರವಿರುತ್ತದೆ. 'ಎಸ್' ಎಂದರೆ ರೋಗಾಣು ಆ ಔಷಧಕ್ಕೆ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. ಕೆಲವು ವರದಿಗಳಲ್ಲಿ ಕ್ಲಿಂಡಾಮೈಸಿನ್ ಎಂಬ ಔಷಧದ ಮುಂದೆ 'ಆರ್' ಎಂದು ಬರೆದು, ಕೆಳಗೆ 'ಡಿ-ಪರೀಕ್ಷೆ ಪಾಸಿಟಿವ್' ಅಥವಾ 'ಪ್ರೇರಿತ ಪ್ರತಿರೋಧ ಕಂಡುಬಂದಿದೆ' ಎಂಬ ಅರ್ಥದ ಷರಾ ಸೇರಿಸಲಾಗಿರುತ್ತದೆ. ಇದೇ ಔಷಧವನ್ನು ಹಿಂದಿನ ಬಾರಿ ಸೇವಿಸಿ ಗುಣ ಹೊಂದಿದವರಿಗೆ, ಅಥವಾ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಇಟ್ಟುಕೊಂಡಿರುವವರಿಗೆ, ಈ ಷರಾದ ಅರ್ಥ ತಿಳಿಯದಿರುವುದು ಸಹಜ.

ಈ ಒಂದು ಸಾಲಿನ ಷರಾದ ಹಿಂದೆ, ಬ್ಯಾಕ್ಟೀರಿಯಾಗಳಲ್ಲಿ ಆರ್.ಎನ್.ಎ. ಎಂಬ ಅಣು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ವಂಶವಾಹಿಗಳನ್ನು ನಿಯಂತ್ರಿಸುವ ವ್ಯವಸ್ಥೆಯೊಂದಿದೆ. ಉತ್ತರ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಗೂ ಪರಿಚಿತವಾದ ಈ ವಿಷಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೂಲ ದಾಖಲೆ ಮತ್ತು ನಕಲು

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಮೂಲ ಕಡತವನ್ನು ಯಾರಿಗೂ ಹೊರಗೆ ಕೊಡುವುದಿಲ್ಲ. ಅರ್ಜಿ ಸಲ್ಲಿಸಿದವರಿಗೆ ದೊರೆಯುವುದು ದೃಢೀಕೃತ ನಕಲು ಮಾತ್ರ. ಜೀವಕೋಶದಲ್ಲಿಯೂ ಹೀಗೆಯೇ. ಡಿ.ಎನ್.ಎ. ಮೂಲ ದಾಖಲೆ. ಅದರಲ್ಲಿ ಒಂದೊಂದು ಪ್ರೋಟೀನಿನ ತಯಾರಿಕೆಗೆ ಬೇಕಾದ ವಿವರವಿರುವ ಭಾಗವೇ ವಂಶವಾಹಿ. ಪ್ರೋಟೀನು ಬೇಕಾದಾಗ ಆ ಭಾಗದ ನಕಲನ್ನು ಆರ್.ಎನ್.ಎ. ರೂಪದಲ್ಲಿ ತೆಗೆಯಲಾಗುತ್ತದೆ. ರೈಬೋಸೋಮ್ ಎಂಬ ಯಂತ್ರಸದೃಶ ರಚನೆಯು ಆ ನಕಲನ್ನು ಓದಿ, ಅಮೈನೊ ಆಮ್ಲಗಳನ್ನು ಒಂದರ ನಂತರ ಒಂದು ಪೋಣಿಸಿ ಪ್ರೋಟೀನನ್ನು ಕಟ್ಟುತ್ತದೆ.

ಆದರೆ ಈ ನಕಲು ಕಚೇರಿಯ ಕಾಗದದಂತೆ ಚಪ್ಪಟೆಯಾಗಿ ಬಿದ್ದಿರುವುದಿಲ್ಲ. ಡಿ.ಎನ್.ಎ.ಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದರೆ, ಆರ್.ಎನ್.ಎ. ಸಾಮಾನ್ಯವಾಗಿ ಒಂಟಿ ಎಳೆ. ಅದರಲ್ಲಿರುವ ನಾಲ್ಕು ಬಗೆಯ ಘಟಕಗಳಲ್ಲಿ 'ಎ' ಎಂಬುದು 'ಯು' ಜೊತೆಗೂ, 'ಜಿ' ಎಂಬುದು 'ಸಿ' ಜೊತೆಗೂ ಜೋಡಿಯಾಗಲು ಬಯಸುತ್ತವೆ. ಜೋಡಿಯಾಗಲು ಎರಡನೆಯ ಎಳೆ ಇಲ್ಲದ ಕಾರಣ, ಎಳೆಯು ತನ್ನ ಮೇಲೆಯೇ ಬಾಗಿ, ಕೂದಲಿಗೆ ಸಿಕ್ಕಿಸುವ ಪಿನ್ನಿನ ಆಕಾರದ ಮಡಿಕೆಗಳನ್ನು ರಚಿಸಿಕೊಳ್ಳುತ್ತದೆ.

ನಕಲಿನ ಆರಂಭದಲ್ಲಿ, ಪ್ರೋಟೀನಿನ ವಿವರ ಶುರುವಾಗುವುದಕ್ಕೆ ಮುಂಚೆ, ಸ್ವಲ್ಪ ಖಾಲಿ ಭಾಗವಿರುತ್ತದೆ. ಬಹುಕಾಲ ಇದನ್ನು ಅರ್ಜಿಯ ಮೇಲಂಚಿನಂತೆ ನಿರುಪಯುಕ್ತವೆಂದೇ ಭಾವಿಸಲಾಗಿತ್ತು. ವಾಸ್ತವವಾಗಿ ಹಲವು ವಂಶವಾಹಿಗಳ ಮಟ್ಟಿಗೆ ಮಂಜೂರಾತಿ ಅಥವಾ ತಿರಸ್ಕಾರದ ಆದೇಶ ಬರುವುದು ಈ ಅಂಚಿನಿಂದಲೇ. ಅಲ್ಲಿನ ಮಡಿಕೆಯು ರೈಬೋಸೋಮ್ ಬಂದು ಕೂರಬೇಕಾದ ಸ್ಥಳವನ್ನು ಮುಚ್ಚಿದರೆ ಪ್ರೋಟೀನು ತಯಾರಾಗುವುದಿಲ್ಲ. ಮಡಿಕೆ ಬಿಚ್ಚಿಕೊಂಡರೆ ತಯಾರಾಗುತ್ತದೆ.

ಸಂರಕ್ಷಿತ ರಚನೆ ಎಂದರೇನು

ಯಾವುದೇ ಆರ್.ಎನ್.ಎ. ಎಳೆಯನ್ನು ನೀರಿಗೆ ಹಾಕಿದರೂ ಅದು ಒಂದಲ್ಲ ಒಂದು ರೀತಿಯಲ್ಲಿ ಮಡಿಚಿಕೊಳ್ಳುತ್ತದೆ. ಹೀಗಿರುವಾಗ ಯಾವ ಮಡಿಕೆ ಕೆಲಸಕ್ಕೆ ಬರುವಂಥದ್ದು, ಯಾವುದು ಆಕಸ್ಮಿಕ ಎಂದು ನಿರ್ಧರಿಸುವುದು ಹೇಗೆ?

ಹಳಗನ್ನಡ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಪ್ರಾಸ ನಿಯಮವಿದೆ. ವ್ಯಂಜನ ಯಾವುದಾದರೂ ಇರಬಹುದು, ಆದರೆ ಎಲ್ಲ ಸಾಲುಗಳಲ್ಲಿಯೂ ಅದೇ ಇರಬೇಕು. ಕನ್ನಡ ಬಾರದ ಒಬ್ಬ ವ್ಯಕ್ತಿಯ ಮುಂದೆ ನೂರಾರು ಪದ್ಯಗಳನ್ನು ಇಟ್ಟರೆ, ಪದ್ಯದಿಂದ ಪದ್ಯಕ್ಕೆ ಆ ಸ್ಥಾನದ ಅಕ್ಷರ ಬದಲಾಗುತ್ತಿದ್ದರೂ ಒಂದು ಪದ್ಯದೊಳಗೆ ಸಾಲುಗಳೆಲ್ಲ ಒಟ್ಟಿಗೇ ಬದಲಾಗುತ್ತಿವೆ ಎಂಬುದು ಆತನಿಗೆ ಕಂಡೀತು. ಅರ್ಥ ತಿಳಿಯದಿದ್ದರೂ ಅಲ್ಲೊಂದು ನಿಯಮವಿದೆ ಎಂದು ಆತ ಹೇಳಬಲ್ಲ.

ವಿಜ್ಞಾನಿಗಳು ಅನುಸರಿಸುವ ಕ್ರಮವೂ ಇದೇ. ದೂರದ ಸಂಬಂಧವಿರುವ ಹಲವು ಬ್ಯಾಕ್ಟೀರಿಯಾಗಳಲ್ಲಿ ಒಂದೇ ವಂಶವಾಹಿಯ ಮುಂಭಾಗವನ್ನು ಹೋಲಿಸಲಾಗುತ್ತದೆ. ಒಂದರಲ್ಲಿ 'ಎ' ಮತ್ತು 'ಯು' ಜೋಡಿ ಇದ್ದ ಸ್ಥಾನದಲ್ಲಿ ಮತ್ತೊಂದರಲ್ಲಿ 'ಜಿ' ಮತ್ತು 'ಸಿ' ಜೋಡಿ ಇದ್ದರೆ, ಅಂದರೆ ಒಂದು ಕಡೆ ಆದ ಬದಲಾವಣೆಗೆ ಸರಿಯಾಗಿ ಇನ್ನೊಂದು ಕಡೆಯೂ ಬದಲಾವಣೆ ಆಗಿದ್ದರೆ, ಆ ಜೋಡಿಯನ್ನು ವಿಕಾಸವು ಉದ್ದೇಶಪೂರ್ವಕವೋ ಎಂಬಂತೆ ಕಾಪಾಡಿಕೊಂಡು ಬಂದಿದೆ ಎಂದರ್ಥ. ಅಕ್ಷರಗಳು ಹೋದರೂ ಆಕಾರ ಉಳಿದಿರುತ್ತದೆ. ಇದನ್ನೇ ಸಂರಕ್ಷಿತ ರಚನೆ ಎನ್ನಲಾಗುತ್ತದೆ. ಇಂತಹ ರಚನೆಗಳ ಆರ್‌ಫ್ಯಾಮ್ ಎಂಬ ಸಾರ್ವಜನಿಕ ದತ್ತಸಂಚಯದಲ್ಲಿ ಈಗ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ದಾಖಲಾಗಿವೆ. ವಿದ್ಯಾರ್ಥಿಗಳು ಇದನ್ನು ಉಚಿತವಾಗಿ ಬಳಸಬಹುದು.

ಸಂರಕ್ಷಿತ ರಚನೆ ಕಂಡ ಮಾತ್ರಕ್ಕೆ ಅದರ ಕೆಲಸ ತಿಳಿಯಿತೆಂದಲ್ಲ. 2004ರಲ್ಲಿ ಗುರುತಿಸಲಾದ, ವೈಕೆಕೆಸಿ ಎಂದು ಕರೆಯಲಾಗುವ ರಚನೆಯೊಂದು ಹತ್ತು ವರ್ಷಕ್ಕೂ ಮೇಲ್ಪಟ್ಟು ವಾರಸುದಾರರಿಲ್ಲದ ಕಡತದಂತೆ ಉಳಿದಿತ್ತು. ಅದು ಗ್ವಾನಿಡೀನ್ ಎಂಬ ವಿಷಕಾರಿ ಪದಾರ್ಥವನ್ನು ಗುರುತಿಸುತ್ತದೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದ್ದರಿಂದಲೇ ಈ ಕ್ಷೇತ್ರದ ಲೇಖನಗಳಲ್ಲಿ 'ನಿಯಂತ್ರಿಸಬಹುದು' ಎಂಬ ಪದ ಹೆಚ್ಚಾಗಿ ಬರುತ್ತದೆ. ಅದು ಅಳುಕಿನ ಮಾತಲ್ಲ, ಲೆಕ್ಕವಿಟ್ಟು ಆಡಿದ ಮಾತು.

ರೈಬೋಸ್ವಿಚ್ ಮತ್ತು ಉಷ್ಣಮಾಪಕ

ಮಡಿಕೆಯು ಒಂದು ಸಣ್ಣ ಅಣುವನ್ನು ನೇರವಾಗಿ ಹಿಡಿದು ತನ್ನ ಆಕಾರ ಬದಲಿಸಿಕೊಳ್ಳುವಂತಿದ್ದರೆ ಅದಕ್ಕೆ ರೈಬೋಸ್ವಿಚ್ ಎನ್ನುತ್ತಾರೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡವು ಬಿ12 ಮತ್ತು ಬಿ1 ವಿಟಮಿನ್ನುಗಳ ರೂಪಗಳನ್ನು ಗುರುತಿಸುವ ಆರ್.ಎನ್.ಎ. ಮಡಿಕೆಗಳನ್ನು ನಿರೂಪಿಸಿತು. ಅದೇ ವರ್ಷ ಎವ್ಗೆನಿ ನುಡ್ಲರ್ ಅವರ ತಂಡವೂ ಇಂತಹುದೇ ಫಲಿತಾಂಶ ನೀಡಿತು. ಬ್ಯಾಕ್ಟೀರಿಯಾವು ತನಗೆ ಬೇಕಾದ ಬಿ1 ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ದಾಸ್ತಾನು ಸಾಕಷ್ಟಿದ್ದಾಗ ವಿಟಮಿನ್ನಿನ ಅಣುವೇ ಹೋಗಿ ಮಡಿಕೆಯಲ್ಲಿ ಕುಳಿತು ತಯಾರಿಕೆಯನ್ನು ನಿಲ್ಲಿಸುತ್ತದೆ. ಮಧ್ಯವರ್ತಿ ಪ್ರೋಟೀನಿನ ಅಗತ್ಯವಿಲ್ಲ. ಈವರೆಗೆ ಐವತ್ತಕ್ಕೂ ಹೆಚ್ಚು ವರ್ಗದ ರೈಬೋಸ್ವಿಚ್‌ಗಳು ತಿಳಿದಿವೆ. ಬಿ1 ರೈಬೋಸ್ವಿಚ್ ಸಸ್ಯಗಳಲ್ಲಿ ಮತ್ತು ಶಿಲೀಂಧ್ರಗಳಲ್ಲಿಯೂ ಇದೆ.

ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿಯೂ ಬಿ12 ರೈಬೋಸ್ವಿಚ್ ಇದೆ. ಮೆಥಿಯೊನೀನ್ ಎಂಬ ಅಮೈನೊ ಆಮ್ಲವನ್ನು ತಯಾರಿಸಲು ಅದರ ಬಳಿ ಎರಡು ಕಿಣ್ವಗಳಿವೆ. ಒಂದಕ್ಕೆ ಬಿ12 ಬೇಕು, ಇನ್ನೊಂದಕ್ಕೆ ಬೇಡ. ಬಿ12 ದೊರೆತಾಗ ಎರಡನೆಯದರ ತಯಾರಿಕೆಯನ್ನು ರೈಬೋಸ್ವಿಚ್ ನಿಲ್ಲಿಸುತ್ತದೆ. ಮೊದಲನೆಯ ಕಿಣ್ವದ ವಂಶವಾಹಿ ತುಂಡಾಗಿರುವ ಒಂದು ತಳಿಗೆ ಪ್ರಯೋಗಾಲಯದಲ್ಲಿ ಬಿ12 ಒದಗಿಸಿದಾಗ ಅದರ ಬೆಳವಣಿಗೆಯೇ ಕುಂಠಿತವಾಯಿತೆಂದು 2007ರಲ್ಲಿ ವರದಿಯಾಗಿದೆ. ಇದರಿಂದ ಬಿ12 ಮಾತ್ರೆ ಕ್ಷಯರೋಗಕ್ಕೆ ಮದ್ದೆಂದು ಯಾರೂ ಭಾವಿಸಬಾರದು. ಇದು ಒಂದು ನಿರ್ದಿಷ್ಟ ತಳಿಯ ಮೇಲೆ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆ ಮಾತ್ರ.

ಇನ್ನು ಕೆಲವು ಮಡಿಕೆಗಳು ಉಷ್ಣತೆಯನ್ನು ಅಳೆಯುತ್ತವೆ. ಹಸಿ ಹಾಲು ಮತ್ತು ಶೈತ್ಯೀಕರಿಸಿದ ಆಹಾರದ ಮೂಲಕ ಹರಡಬಲ್ಲ ಲಿಸ್ಟೀರಿಯಾ ಎಂಬ ರೋಗಾಣುವಿನ ದಾಳಿಯ ವಂಶವಾಹಿಗಳನ್ನು ಎಬ್ಬಿಸುವ ಮುಖ್ಯ ಪ್ರೋಟೀನಿನ ನಕಲು, 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಮಡಿಚಿಕೊಂಡೇ ಇರುತ್ತದೆ. ಮನುಷ್ಯ ದೇಹದ 37 ಡಿಗ್ರಿಯಲ್ಲಿ ಮಡಿಕೆ ಸಡಿಲಗೊಂಡು ಪ್ರೋಟೀನು ತಯಾರಾಗುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬ ನಮ್ಮ ಮನೆಗಳ ಪದ್ಧತಿ ಇಲ್ಲಿ ಉಪಯುಕ್ತ. ಕುದಿಸಿದಾಗ ಈ ರೋಗಾಣು ಸಾಯುತ್ತದೆ, ಫ್ರಿಜ್‌ನಲ್ಲಿ ಇಟ್ಟ ಮಾತ್ರಕ್ಕೆ ಸಾಯುವುದಿಲ್ಲ.

ಔಷಧವೇ ಪ್ರತಿರೋಧವನ್ನು ಎಬ್ಬಿಸುವ ಬಗೆ

ಕಲ್ಚರ್ ವರದಿಯ ಷರಾಕ್ಕೆ ನೇರವಾಗಿ ಸಂಬಂಧಿಸಿದ ಭಾಗ ಇದು.

ಚರ್ಮದ ಕುರು ಮತ್ತು ಗಾಯದ ಸೋಂಕುಗಳಿಗೆ ಸಾಮಾನ್ಯ ಕಾರಣವಾದ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲಿ 'ಇಆರ್‌ಎಂ' ಎಂಬ ಪ್ರತಿರೋಧ ವಂಶವಾಹಿ ಇರುತ್ತದೆ. ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ಮತ್ತು ಕ್ಲಿಂಡಾಮೈಸಿನ್ ಔಷಧಗಳು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತವೆ. ಇಆರ್‌ಎಂ ವಂಶವಾಹಿಯಿಂದ ತಯಾರಾಗುವ ಕಿಣ್ವವು ರೈಬೋಸೋಮಿನಲ್ಲಿರುವ ಒಂದೇ ಒಂದು ಸ್ಥಾನಕ್ಕೆ, 2058ನೇ ಸಂಖ್ಯೆಯ 'ಎ' ಘಟಕಕ್ಕೆ, ಮೀಥೈಲ್ ಎಂಬ ಪುಟ್ಟ ಗುಂಪನ್ನು ಸೇರಿಸುತ್ತದೆ. ಅಷ್ಟರಿಂದಲೇ ಈ ಮೂರೂ ಔಷಧಗಳಿಗೆ ಅಂಟಿಕೊಳ್ಳಲು ಜಾಗ ಸಿಗದಂತಾಗುತ್ತದೆ. ಬೀಗ ಬದಲಿಸಿದ ಬಾಗಿಲಿಗೆ ಹಳೆಯ ಕೀಲಿಗಳೆಲ್ಲ ವ್ಯರ್ಥವಾದಂತೆ.

ಆದರೆ ಬೀಗ ಬದಲಿಸಿದ ರೈಬೋಸೋಮು ಬ್ಯಾಕ್ಟೀರಿಯಾಕ್ಕೂ ಸ್ವಲ್ಪ ನಷ್ಟದ ಬಾಬತ್ತು. ಆದ್ದರಿಂದ ಬೇಡದಿದ್ದಾಗ ಈ ಕಿಣ್ವವನ್ನು ತಯಾರಿಸದಿರುವುದು ಅದಕ್ಕೆ ಲಾಭ. ಇದರ ವ್ಯವಸ್ಥೆ ಆರ್.ಎನ್.ಎ. ನಕಲಿನ ಮುಂಭಾಗದಲ್ಲಿದೆ. ಅಲ್ಲಿ ನಾಲ್ಕು ತುಂಡುಗಳಿವೆ ಎಂದು ಭಾವಿಸಬಹುದು. ಸಾಮಾನ್ಯ ಸಮಯದಲ್ಲಿ ಒಂದನೆಯದು ಎರಡನೆಯದರೊಂದಿಗೆ, ಮೂರನೆಯದು ನಾಲ್ಕನೆಯದರೊಂದಿಗೆ ಜೋಡಿಯಾಗಿರುತ್ತವೆ. ಕಿಣ್ವದ ವಿವರವನ್ನು ಓದಲು ರೈಬೋಸೋಮು ಕೂರಬೇಕಾದ ಸ್ಥಳ ನಾಲ್ಕನೆಯ ತುಂಡಿನಲ್ಲಿ ಮುಚ್ಚಿಹೋಗಿರುತ್ತದೆ.

ಈ ಮುಂಭಾಗದಲ್ಲಿಯೇ 19 ಅಮೈನೊ ಆಮ್ಲಗಳ ಒಂದು ಪುಟ್ಟ ಪ್ರೋಟೀನಿನ ವಿವರವೂ ಇದೆ. ಆ ಪ್ರೋಟೀನಿಗೆ ಬೇರೆ ಯಾವ ಕೆಲಸವೂ ಇದ್ದಂತಿಲ್ಲ. ಅದನ್ನು ಓದುವ ಪ್ರಯತ್ನವೇ ಅದರ ಉಪಯೋಗ. ಅಲ್ಪ ಪ್ರಮಾಣದ ಎರಿಥ್ರೋಮೈಸಿನ್ ಇದ್ದಾಗ, ಔಷಧ ಅಂಟಿಕೊಂಡ ರೈಬೋಸೋಮು ಈ ವಿವರವನ್ನು ಓದುತ್ತಾ 9ನೇ ಅಮೈನೊ ಆಮ್ಲದ ಬಳಿಗೆ ಬಂದು ನಿಂತುಬಿಡುತ್ತದೆ. ನಿಂತ ಜಾಗ ಒಂದನೆಯ ತುಂಡಿನ ಮೇಲೆ. ಆಗ ಜೋಡಿ ಕಳೆದುಕೊಂಡ ಎರಡನೆಯ ತುಂಡು ಮೂರನೆಯದನ್ನು ಹಿಡಿಯುತ್ತದೆ, ನಾಲ್ಕನೆಯದು ಬಿಡುಗಡೆಯಾಗುತ್ತದೆ, ಮತ್ತು ಔಷಧ ಅಂಟಿಕೊಳ್ಳದೆ ಉಳಿದಿರುವ ರೈಬೋಸೋಮುಗಳು ಅಲ್ಲಿ ಕುಳಿತು ಕಿಣ್ವವನ್ನು ತಯಾರಿಸುತ್ತವೆ. ಸ್ವತಃ ಔಷಧವೇ ಪ್ರತಿರೋಧದ ಕಡತಕ್ಕೆ ಸಹಿ ಹಾಕಿದಂತಾಯಿತು. 1980ರಲ್ಲಿ ಅಮೆರಿಕದ ಬರ್ನಾರ್ಡ್ ವೈಸ್‌ಬ್ಲಮ್ ಮತ್ತಿತರರು ಈ ವಿವರಣೆಯನ್ನು ಮುಂದಿಟ್ಟರು. 'ರೈಬೋಸ್ವಿಚ್' ಎಂಬ ಪದ ಹುಟ್ಟುವುದಕ್ಕೆ ಎರಡು ದಶಕ ಮುಂಚಿನ ಮಾತು ಇದು.

ಕ್ಲಿಂಡಾಮೈಸಿನ್ ಈ ಮಡಿಕೆಯನ್ನು ಬಿಚ್ಚುವುದಿಲ್ಲ. ಹಾಗಾಗಿ ಇಂತಹ ತಳಿಯನ್ನು ಕ್ಲಿಂಡಾಮೈಸಿನ್ ಒಂದರೊಂದಿಗೇ ಪರೀಕ್ಷಿಸಿದರೆ ಔಷಧ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ. ಕೋಟ್ಯಂತರ ಬ್ಯಾಕ್ಟೀರಿಯಾಗಳ ಪೈಕಿ ಕೆಲವದರಲ್ಲಿ ಈ ಮುಂಭಾಗವೇ ಹಾಳಾಗಿ ಅಥವಾ ತುಂಡಾಗಿ, ನಾಲ್ಕನೆಯ ತುಂಡು ಶಾಶ್ವತವಾಗಿ ತೆರೆದುಕೊಂಡಿರುತ್ತದೆ. ಕ್ಲಿಂಡಾಮೈಸಿನ್ ಚಿಕಿತ್ಸೆ ಆರಂಭಿಸಿದಾಗ ಉಳಿದವು ಸತ್ತು ಇವು ಮಾತ್ರ ಬದುಕಿ ವೃದ್ಧಿಯಾಗಬಹುದು. ಮೊದಲ ಎರಡು ದಿನ ಕಡಿಮೆಯಾದಂತೆ ತೋರಿದ ಗಾಯ ಮತ್ತೆ ಉಲ್ಬಣಿಸಿದ, ಮೂಳೆ ಮತ್ತು ರಕ್ತದ ಸೋಂಕುಗಳಲ್ಲಿ ಚಿಕಿತ್ಸೆ ವಿಫಲವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಡಿ-ಪರೀಕ್ಷೆ

ಈ ಅಡಗಿದ ಪ್ರತಿರೋಧವನ್ನು ಬಯಲಿಗೆ ತರಲು ಪ್ರಯೋಗಾಲಯಗಳು ಅನುಸರಿಸುವ ವಿಧಾನ ಅತ್ಯಂತ ಸರಳ ಹಾಗೂ ಅಗ್ಗ. ರೋಗಾಣುವನ್ನು ಹರಡಿದ ಅಗಾರ್ ತಟ್ಟೆಯ ಮೇಲೆ 15 ಮೈಕ್ರೋಗ್ರಾಂ ಎರಿಥ್ರೋಮೈಸಿನ್ ಇರುವ ಬಿಲ್ಲೆಯನ್ನೂ, ಅದರಿಂದ 15ರಿಂದ 26 ಮಿಲಿಮೀಟರ್ ದೂರದಲ್ಲಿ 2 ಮೈಕ್ರೋಗ್ರಾಂ ಕ್ಲಿಂಡಾಮೈಸಿನ್ ಇರುವ ಬಿಲ್ಲೆಯನ್ನೂ ಇಡಲಾಗುತ್ತದೆ. ಒಂದು ರಾತ್ರಿ 35 ಡಿಗ್ರಿ ಶಾಖದಲ್ಲಿ ಇಟ್ಟ ನಂತರ ತಟ್ಟೆಯನ್ನು ನೋಡಲಾಗುತ್ತದೆ. ಸಾಧಾರಣವಾಗಿ ಕ್ಲಿಂಡಾಮೈಸಿನ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ದುಂಡನೆಯ ತೆರವು ಕಾಣುತ್ತದೆ. ಎರಿಥ್ರೋಮೈಸಿನ್ ಹರಿದು ಬಂದ ಬದಿಯಲ್ಲಿ ಬ್ಯಾಕ್ಟೀರಿಯಾಗಳು ಎಚ್ಚೆತ್ತು ಕಿಣ್ವ ತಯಾರಿಸಿಕೊಂಡರೆ, ಆ ಬದಿಯಲ್ಲಿ ಮಾತ್ರ ಅವು ಬೆಳೆದು ದುಂಡು ಚಪ್ಪಟೆಯಾಗುತ್ತದೆ. ಆಗ ತೆರವು ಇಂಗ್ಲಿಷಿನ 'ಡಿ' ಅಕ್ಷರದಂತೆ ಕಾಣುವುದರಿಂದ ಈ ಹೆಸರು.

ಆರ್.ಎನ್.ಎ. ಮಡಿಕೆಯೊಂದು ಬಿಚ್ಚಿಕೊಳ್ಳುವುದನ್ನು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಬರಿಗಣ್ಣಿನಿಂದ ನೋಡಲು ಇದಕ್ಕಿಂತ ಸುಲಭವಾದ ಬೇರೊಂದು ದಾರಿ ಇರಲಾರದು.

ಹೀಗೆ ಡಿ-ಪರೀಕ್ಷೆ ಪಾಸಿಟಿವ್ ಬಂದಾಗ ಕ್ಲಿಂಡಾಮೈಸಿನ್ ಮುಂದೆ 'ಆರ್' ಎಂದು ನಮೂದಿಸಲಾಗುತ್ತದೆ. ಆ ಔಷಧವು ಕೆಲವು ರೋಗಿಗಳಲ್ಲಿ ಆಗಲೂ ಫಲ ನೀಡಬಹುದಾದ್ದರಿಂದ, ಅಂತಿಮ ತೀರ್ಮಾನ ಚಿಕಿತ್ಸೆ ನೀಡುವ ವೈದ್ಯರದ್ದು.

ವರದಿ ಏಕೆ ತಡವಾಗುತ್ತದೆ

ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆಯ ಜಾಗದಲ್ಲಿ ವಾರಗಟ್ಟಲೆ ಮಾಯದ ಗಂಟು ಅಥವಾ ಹುಣ್ಣಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಎಂಬ, ಕ್ಷಯದ ರೋಗಾಣುವಿನ ದೂರದ ಸಂಬಂಧಿ ಕಾರಣವಾಗಿರಬಹುದು. ಇದರಲ್ಲಿಯೂ ಒಂದು ಇಆರ್‌ಎಂ ವಂಶವಾಹಿ ಇದೆ. ಅದು ಎಚ್ಚರಗೊಳ್ಳಲು ಸಮಯ ಬೇಕು. ಕ್ಲಾರಿಥ್ರೋಮೈಸಿನ್ ಔಷಧಕ್ಕೆ ಮೂರನೇ ದಿನ ಬಗ್ಗುವಂತೆ ಕಂಡ ತಳಿಯು ಹದಿನಾಲ್ಕನೇ ದಿನ ಪ್ರತಿರೋಧ ತೋರಬಹುದು. ಆದ್ದರಿಂದ ಅಂತರರಾಷ್ಟ್ರೀಯ ಮಾನದಂಡದಂತೆ 14 ದಿನ ಕಾದು ಅಂತಿಮ ಫಲಿತಾಂಶ ನೀಡಲಾಗುತ್ತದೆ. ಈ ವಿಳಂಬವನ್ನು ಸಿಬ್ಬಂದಿಯ ನಿರ್ಲಕ್ಷ್ಯವೆಂದು ತಿಳಿಯಬಾರದಾಗಿ ಕೋರಿದೆ. ಕ್ಷಯರೋಗದಲ್ಲಿ ಔಷಧ ಪ್ರತಿರೋಧ ಬಹುಮಟ್ಟಿಗೆ ವಂಶವಾಹಿಗಳ ಶಾಶ್ವತ ಬದಲಾವಣೆಯಿಂದ ಬರುವುದಾಗಿದ್ದು, ಅದರ ಪರೀಕ್ಷಾ ಕ್ರಮ ಬೇರೆ.

ಉತ್ತರ ಬೆಂಗಳೂರಿನ ಸಂಶೋಧನೆ

ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಹೆಬ್ಬಾಳ ಮತ್ತು ಯಲಹಂಕದ ನಡುವೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಿದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ, ಯಶವಂತಪುರದ ಸಮೀಪ ಭಾರತೀಯ ವಿಜ್ಞಾನ ಸಂಸ್ಥೆಯೂ ಇವೆ. ಬ್ಯಾಕ್ಟೀರಿಯಾಗಳ ವಂಶವಾಹಿ ನಿಯಂತ್ರಣ ಈ ಭಾಗಕ್ಕೆ ಹೊಸ ವಿಷಯವಲ್ಲ.

ಇಲ್ಲಿಯೇ ನಡೆದ ಒಂದು ಪ್ರಸಂಗವನ್ನು ಮರೆಮಾಚದೆ ತಿಳಿಸುವುದು ಸೂಕ್ತ. ಕಬ್ಬಿಣದ ಅಂಶವನ್ನು ಗುರುತಿಸುವ ಹೊಸ ರೈಬೋಸ್ವಿಚ್‌ಗಳನ್ನು ಕಂಡುಹಿಡಿಯಲಾಗಿದೆ ಎಂಬ ಲೇಖನವೊಂದು ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಿಂದ 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಾಣುಗಳು ಬದುಕಲು ಕಬ್ಬಿಣ ಅತ್ಯವಶ್ಯವಾದ್ದರಿಂದ ಇದು ಗಮನ ಸೆಳೆಯಿತು. ಲೇಖನದ ಚಿತ್ರಗಳ ಬಗ್ಗೆ ಇತರ ವಿಜ್ಞಾನಿಗಳು ಪ್ರಶ್ನೆ ಎತ್ತಿದರು. ಚಿತ್ರಗಳನ್ನು ತಿದ್ದಿರುವುದು ಕಂಡುಬಂದು 2021ರಲ್ಲಿ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ಹಳೆಯ ಪತ್ರಿಕಾ ತುಣುಕುಗಳನ್ನು ಆಧರಿಸಿ ವಿದ್ಯಾರ್ಥಿಗಳು ಆ ಫಲಿತಾಂಶವನ್ನು ತಮ್ಮ ಯೋಜನಾ ವರದಿಗಳಲ್ಲಿ ಉಲ್ಲೇಖಿಸಬಾರದು.

ಕಬ್ಬಿಣವನ್ನು ಆರ್.ಎನ್.ಎ. ಗುರುತಿಸಬಲ್ಲದೇ ಎಂಬ ಪ್ರಶ್ನೆ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. 2015ರಲ್ಲಿ ನಿಕ್ಕಲ್ ಮತ್ತು ಕೋಬಾಲ್ಟ್ ಲೋಹಗಳನ್ನು ಗುರುತಿಸುವುದೆಂದು ವರದಿಯಾಗಿದ್ದ ಬೇರೊಂದು ರೈಬೋಸ್ವಿಚ್, ಕಬ್ಬಿಣಕ್ಕೂ ಪ್ರತಿಕ್ರಿಯಿಸುತ್ತದೆ ಎಂದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿ, 2022ರಲ್ಲಿ ಅದನ್ನು ಕಬ್ಬಿಣದ ಸ್ವಿಚ್ ಎಂದೇ ಪರಿಗಣಿಸಬೇಕೆಂದು ವಾದಿಸಿದ್ದಾರೆ.

ರೈಬೋಸ್ವಿಚ್‌ಗಳನ್ನೇ ಗುರಿಯಾಗಿಸುವ ಹೊಸ ಔಷಧಗಳ ಹುಡುಕಾಟವೂ ನಡೆದಿದೆ. ಬಿ2 ವಿಟಮಿನ್ನಿಗೆ ಸಂಬಂಧಿಸಿದ ರೈಬೋಸ್ವಿಚ್‌ಗೆ ಅಂಟಿಕೊಂಡು ಬ್ಯಾಕ್ಟೀರಿಯಾವನ್ನು ತಡೆಯುವ ರೈಬೋಸಿಲ್ ಎಂಬ ಸಂಯುಕ್ತವನ್ನು ಮರ್ಕ್ ಕಂಪನಿಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಅದು ಔಷಧವಾಗಿ ಮಾರುಕಟ್ಟೆಗೆ ಬಂದಿಲ್ಲ. ಸದ್ಯಕ್ಕೆ ಇರುವ ಔಷಧಗಳನ್ನೇ ಜೋಪಾನವಾಗಿ ಬಳಸಬೇಕಾಗಿದೆ.

ಮಾದರಿ ನೀಡುವವರ ಗಮನಕ್ಕೆ

ಸಾಧ್ಯವಾದ ಮಟ್ಟಿಗೆ ಪ್ರತಿಜೀವಕ ಔಷಧ ಆರಂಭಿಸುವ ಮೊದಲೇ ಕೀವಿನ ಮಾದರಿ ನೀಡತಕ್ಕದ್ದು. ಈಗಾಗಲೇ ಔಷಧ ಸೇವಿಸಿದ್ದಲ್ಲಿ ಅದರ ಹೆಸರು ಮತ್ತು ದಿನಗಳನ್ನು ಕೋರಿಕೆ ಚೀಟಿಯಲ್ಲಿ ಬರೆಸಬೇಕು. ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ತಂದು ತೋರಿಸಬಹುದು. ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸಲ್ಪಟ್ಟವರು ಹಿಂದಿನ ಕಲ್ಚರ್ ವರದಿ ಇದ್ದರೆ ತಪ್ಪದೆ ಜೊತೆಗೆ ಒಯ್ಯಬೇಕು. ಹಿಂದೊಮ್ಮೆ ಡಿ-ಪರೀಕ್ಷೆ ಪಾಸಿಟಿವ್ ಬಂದಿದ್ದ ಸಂಗತಿ ಹೊಸ ವೈದ್ಯರಿಗೆ ಉಪಯುಕ್ತ.

ಔಷಧದ ಪಟ್ಟಿಯ ಮೇಲೆ ನೇರವಾದ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ಕೇಂದ್ರ ಆರೋಗ್ಯ ಸಚಿವಾಲಯವು ಈ ಕುರಿತು 2016ರಿಂದ ಪ್ರಚಾರ ನಡೆಸಿದೆ. ನೆಗಡಿ, ಕೆಮ್ಮಿಗೆಂದು ಔಷಧ ಅಂಗಡಿಯಲ್ಲಿ ಕೇಳಿ ಪಡೆದ ಎರಡು ಮೂರು ಅಜಿಥ್ರೋಮೈಸಿನ್ ಮಾತ್ರೆಗಳು ವೈರಾಣುವಿನಿಂದ ಬಂದ ನೆಗಡಿಗೆ ಏನೂ ಮಾಡಲಾರವು. ಚರ್ಮದ ಮೇಲೆ ಮತ್ತು ಮೂಗಿನಲ್ಲಿ ನೆಲೆಸಿರುವ ಸ್ಟೆಫಿಲೊಕಾಕಸ್‌ಗಳ ಪೈಕಿ ಇಆರ್‌ಎಂ ಇರುವವುಗಳಿಗೆ ಮಾತ್ರ ಅವು ಅನುಕೂಲ ಮಾಡಿಕೊಡುತ್ತವೆ.

ವರದಿಯ ದ್ವಿಪ್ರತಿ ಬೇಕಾದವರು ಮಾದರಿ ನೀಡಿದ ಪ್ರಯೋಗಾಲಯದಲ್ಲಿಯೇ, ಹೊರರೋಗಿ ಅಥವಾ ಒಳರೋಗಿ ಸಂಖ್ಯೆ ಮತ್ತು ಮಾದರಿ ನೀಡಿದ ದಿನಾಂಕವನ್ನು ನಮೂದಿಸಿ ಕೋರಿಕೆ ಸಲ್ಲಿಸುವುದು. ವರದಿಯ ಮೊದಲ ಪುಟವನ್ನಷ್ಟೇ ನಕಲು ಮಾಡಿಸದೆ, ಷರಾಗಳಿರುವ ಕೊನೆಯ ಪುಟವನ್ನೂ ಕೇಳಿ ಪಡೆಯುವುದು.